ಕುಲುಮೆ ಮುಂದಿನ ಜ್ವರ

ಗಾಜಿನ ಕಾರ್ಖಾನೆಯಲ್ಲಿ ಎಲ್ಲರ ಮೈಯೂ ಬಿಸಿಯೇ. ಕುಲುಮೆಯ ಬಾಯಿ ತೆರೆದರೆ ಸಾಕು, ಮುಖ ಕೆಂಪಗಾಗುತ್ತದೆ, ಬೆನ್ನ ಮೇಲೆ ಬೆವರು ಕಿತ್ತುಕೊಂಡು ಇಳಿಯುತ್ತದೆ. ಅಂಥ ಕಡೆ ಒಬ್ಬನಿಗೆ ಜ್ವರ ಬಂದಿದ್ದರೆ ಯಾರಿಗೆ ಗೊತ್ತಾಗಬೇಕು? ಮೇಸ್ತ್ರಿ ಆ ದಿನ ನೆಚ್ಚಿಕೊಂಡಿದ್ದು ಇದನ್ನೇ.

ಅವನು ಗಾಜು ಊದುವವರ ಮೇಸ್ತ್ರಿ. ಹುಷಾರಿಲ್ಲ ಅಂತ ಒಂದು ದಿನವೂ ಮನೆಯಲ್ಲಿ ಕೂತವನಲ್ಲ. ಕೂತವರನ್ನು ಕಂಡರೆ ಅವನಿಗೆ ತಮಾಷೆ. "ಬಂದ್ಯಾ ಹತ್ತಿ ಗೊಂಬೆ? ಗಾಳಿ ಬಡಿದು ಹಾರಿಹೋಗಿದ್ದೀಯೇನೋ ಅಂದ್ಕೊಂಡಿದ್ದೆ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಹತ್ತಿ ಗೊಂಬೆ ಅನ್ನಿಸಿಕೊಳ್ಳುವುದಕ್ಕಿಂತ ಕೆಮ್ಮುತ್ತಾ ಕೆಲಸ ಮಾಡುವುದೇ ವಾಸಿ ಎಂದು ಮೈ ಸರಿಯಿಲ್ಲದವರೂ ಬಂದುಬಿಡುತ್ತಿದ್ದರು.

ದೊಡ್ಡ ಜಾಡಿ ಊದಲು ಒಬ್ಬನ ಉಸಿರು ಸಾಲದು. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜು ಸುತ್ತಿಕೊಂಡು ಮೇಸ್ತ್ರಿ ಮೊದಲ ಗುಳ್ಳೆ ಎಬ್ಬಿಸುತ್ತಿದ್ದ. ಅದು ಆರುವ ಮುಂಚೆ ಕೊಳವೆ ಪಕ್ಕದವನ ಕೈಗೆ ಹೋಗಬೇಕು. ಅವನು ಅದನ್ನು ಅಚ್ಚಿನೊಳಗಿಟ್ಟು ಒಂದೇ ದಮ್ಮಿನಲ್ಲಿ ಊದಬೇಕು. ಆ ಪಕ್ಕದವನು ಮೇಸ್ತ್ರಿಯ ಅಕ್ಕನ ಗಂಡ. ಊದುವಾಗ ಕೆನ್ನೆ ಎರಡೂ ಹಲಸಿನ ಕಾಯಿಯ ಹಾಗೆ ಉಬ್ಬುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಅವನ ಹೆಸರೇ ತುತ್ತೂರಿ. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು, ಆದರೆ ದಮ್ಮು ಮಾತ್ರ ಗಟ್ಟಿ. ಕೊಳವೆ ಇಸಕೊಂಡು ಅಂಗೈಯಲ್ಲಿ ಒಂದು ಸಲ ಸವರಿ ಬಾಯಿಗಿಡುತ್ತಿದ್ದ. ಅವರ ಅಪ್ಪಂದಿರೂ ಹಾಗೇ ಮಾಡುತ್ತಿದ್ದವರು.

ಚಳಿ ಶುರುವಾಗುವ ಮುಂಚೆ ಆಸ್ಪತ್ರೆಯಿಂದ ನರ್ಸಮ್ಮ ಒಬ್ಬಳು ಬಂದಿದ್ದಳು, ಫ್ಲೂ ಲಸಿಕೆಯ ಡಬ್ಬ ಹಿಡಿದುಕೊಂಡು. ಒಂದೇ ಕೊಳವೆ ಎರಡು ಬಾಯಿಗೆ ಹೋಗುವುದನ್ನು ನೋಡಿ ನಿಂತೇಬಿಟ್ಟಳು.

"ಒಬ್ಬೊಬ್ಬರಿಗೆ ಬೇರೆ ಬೇರೆ ಬಾಯಿ ತುದಿ ಇಟ್ಕೊಳ್ಳೋಕೆ ಆಗಲ್ವಾ ಮೇಸ್ತ್ರಿ?"

"ಇಷ್ಟು ಕಾದ ಕೊಳವೆಗೆ ಯಾವ ಹುಳ ಅಂಟಿಕೊಳ್ಳುತ್ತೆ ತಾಯಿ? ಬಂದ್ರೆ ಸುಟ್ಟು ಬೂದಿ!"

"ಕಾದಿರೋದು ಆ ತುದಿ. ನೀವು ಬಾಯಿಗಿಡೋದು ಈ ತುದಿ, ತಣ್ಣಗಿದೆ. ಫ್ಲೂ ಅಂದ್ರೆ ಬರೀ ನೆಗಡಿ ಅಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರೋರಿಗೆ ಎದೆಗೆ ಇಳಿದುಬಿಡುತ್ತೆ. ಲಸಿಕೆ ಹಾಕಿಸಿಕೊಂಡ್ರೆ ಬರೋದೇ ಇಲ್ಲ ಅಂತ ಹೇಳಲ್ಲ, ಬಂದ್ರೂ ಅಷ್ಟು ಜೋರಾಗಿ ಹಿಡಿಯೋದು ಕಡಿಮೆ. ಜ್ವರ ಬಂದವರಂತೂ ಮನೇಲೇ ಇರಬೇಕು."

ತುತ್ತೂರಿ ಆಗಲೇ ಅಂಗಿಯ ತೋಳು ಮಡಚಿ ಎದ್ದು ನಿಂತಿದ್ದ. ಮೇಸ್ತ್ರಿ ಅದನ್ನು ನೋಡಿದ. "ಏನ್ ಭಾವ, ಸೊಳ್ಳೆ ಕಚ್ಚಿದ್ರೂ ಅಕ್ಕನ್ನ ಕೂಗೋ ನೀವು ಸೂಜಿಗೆ ತೋಳು ಕೊಡ್ತೀರಾ? ಕುಲುಮೆ ಮುಂದೆ ನಿಲ್ಲೋ ಗಂಡಸರಿಗೆ ಚುಚ್ಚುಮದ್ದಂತೆ!" ಎಂದ. ಕಾರ್ಖಾನೆಯೇ ಬಿದ್ದು ಬಿದ್ದು ನಕ್ಕಿತು. ತುತ್ತೂರಿಯೂ ನಕ್ಕು, ಮಡಚಿದ ತೋಳನ್ನು ಮೆಲ್ಲಗೆ ಕೆಳಗಿಳಿಸಿಕೊಂಡು ಕೂತ. ನರ್ಸಮ್ಮ ಡಬ್ಬ ಮುಚ್ಚಿಕೊಂಡು ಹೋದಳು.

ಚಳಿ ಬಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿಗೆ ಮೈಕೈ ನೋವು, ಕಣ್ಣು ಬಿಡಲಾರದ ತಲೆನೋವು. ಹೆಂಡತಿ ಹಣೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ರೀ, ಕೆಂಡ ಇದ್ದ ಹಾಗಿದೆ. ಇವತ್ತು ಹೋಗಬೇಡಿ."

"ಅಲ್ಲಿ ಹೋದ್ರೆ ಎಲ್ಲರದ್ದೂ ಕೆಂಡಾನೇ. ಯಾರಿಗೆ ತಿಳಿಯುತ್ತೆ, ಸುಮ್ನಿರು."

ಹೋದ. ಬಂದ ಕೆಮ್ಮನ್ನು ಮುಷ್ಟಿಯೊಳಗೆ ಅದುಮಿದ, ಅದೇ ಮುಷ್ಟಿಯಲ್ಲಿ ಕೊಳವೆ ಹಿಡಿದ. ಗುಳ್ಳೆ ಎಬ್ಬಿಸಿ ಭಾವನಿಗೆ ಕೊಟ್ಟ. ಭಾವ ಅಂಗೈಯಲ್ಲಿ ಸವರಿ ಬಾಯಿಗಿಟ್ಟ. ಸಂಜೆಯವರೆಗೂ ಹಾಗೇ ನಡೆಯಿತು. ಮಾರನೆಯ ದಿನವೂ ಮೇಸ್ತ್ರಿ ಬಂದ. ಅವನ ಮೈ ಕಬ್ಬಿಣ, ನಾಲ್ಕು ದಿನದಲ್ಲಿ ಚೇತರಿಸಿಕೊಂಡ. ಅಷ್ಟರಲ್ಲಿ ತುತ್ತೂರಿ ಮಲಗಿದ್ದ.

ಮೊದಲು ಚಳಿಜ್ವರ. ಆಮೇಲೆ ಉಸಿರು ಎಳೆದರೆ ಎದೆಯೊಳಗೆ ಹಳೇ ಬಾಗಿಲು ತೆರೆದ ಸದ್ದು. ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದ ಮೇಸ್ತ್ರಿ ಗಾಜಿನ ಬಾಗಿಲಾಚೆಯೇ ನಿಂತ. ಜಾಡಿಯನ್ನು ಒಂದೇ ದಮ್ಮಿನಲ್ಲಿ ತುಂಬುತ್ತಿದ್ದವನ ಬಾಯಿಗೂ ಮೂಗಿಗೂ ಕವಚ ಕಟ್ಟಿ ಯಂತ್ರ ಗಾಳಿ ಊದುತ್ತಿತ್ತು. ಉಬ್ಬುವ ಕೆನ್ನೆ ಒಳಕ್ಕೆ ಸೇರಿಹೋಗಿತ್ತು.

ಡಾಕ್ಟರು ಹೊರಗೆ ಬಂದು, "ಫ್ಲೂ ಎದೆಗೆ ಇಳಿದು ನ್ಯುಮೋನಿಯಾ ಆಗಿದೆ. ಸಕ್ಕರೆ ಕಾಯಿಲೆ ಬೇರೆ. ಉಳಿಸೋಕೆ ನೋಡ್ತಿದ್ದೀವಿ, ಈಗಲೇ ಏನೂ ಹೇಳೋಕಾಗಲ್ಲ. ಜೊತೇಲಿದ್ದವರಿಗೆ ಯಾರಿಗಾದ್ರೂ ಜ್ವರ ಬಂದಿತ್ತಾ?" ಎಂದರು.

ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಹೇಳಿಬಿಟ್ಟಳು. "ನಮ್ಮ ಮೊಮ್ಮಗಳಿಗೆ ಮೂಗು ಸೋರ್ತಿತ್ತು ಡಾಕ್ಟ್ರೇ. ಶಾಲೆಯಿಂದ ತಂದಿರ್ತಾಳೆ. ಮೂರು ಹೊತ್ತೂ ತಾತನ ಮಡಿಲಲ್ಲೇ ಇರ್ತಾಳೆ, ಎಷ್ಟು ಬಡ್ಕೊಂಡ್ರೂ ಕೇಳಲ್ಲ."

ಡಾಕ್ಟರು ತಲೆಯಾಡಿಸಿದರು. ನಾಳೆ ಹೇಳಿದರಾಯಿತು ಎಂದು ಮೇಸ್ತ್ರಿ ಅಂದುಕೊಂಡ. ನಾಳೆ ಬಂತು, ಅದರ ನಾಳೆಯೂ ಬಂತು. ಕಾರ್ಖಾನೆಯಲ್ಲಿ ತುತ್ತೂರಿಯ ಜಾಗದಲ್ಲಿ ನಿಂತ ಹೊಸಬ ಕೊಳವೆಗೆ ಕೈಚಾಚಿದರೆ ಮೇಸ್ತ್ರಿ ಬೆಚ್ಚಿ ಹಿಂದೆ ಸರಿಯುತ್ತಿದ್ದ.

ಒಂದು ಮಧ್ಯಾಹ್ನ ಭಾವನ ಬಟ್ಟೆ ತರಲೆಂದು ಅಕ್ಕನ ಮನೆಗೆ ಹೋದ. ಮೊಮ್ಮಗಳು ಗುಬ್ಬಿ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮನ ದುಪಟ್ಟಾವನ್ನು ಮೂಗಿನ ಮೇಲಿಂದ ತಲೆಯ ಹಿಂದಕ್ಕೆ ಗಂಟು ಹಾಕಿಕೊಂಡಿದ್ದಳು. ಬರೀ ಕಣ್ಣು ಕಾಣುತ್ತಿತ್ತು.

"ಏನೇ ಗುಬ್ಬಿ, ಕಳ್ಳಿ ಥರ ಕೂತಿದ್ದೀಯ?"

"ಹತ್ತಿರ ಬರಬೇಡಿ ಚಿಕ್ಕ ತಾತ. ನಿಮಗೂ ಅಂಟುತ್ತೆ."

"ನೆಗಡಿ ಹೋಯ್ತಲ್ಲೇ?"

"ಹೋಗಿದೆ. ಆದ್ರೂ ಬೇಡ."

ಒಳಗೂ ಬರುವುದಿಲ್ಲವಂತೆ, ತಟ್ಟೆ ಮೆಟ್ಟಿಲಿಗೇ ತಂದುಕೊಡಬೇಕಂತೆ. ಮೇಸ್ತ್ರಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ನೇರ ಅಡುಗೆಮನೆಗೆ ಹೋದ. ಅಕ್ಕ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕ, ಮಗುದಲ್ಲ ತಪ್ಪು. ನನಗೆ ಜ್ವರ ಇತ್ತು. ಇಟ್ಕೊಂಡೇ ಕೆಲಸಕ್ಕೆ ಹೋದೆ. ನಾನು ಊದಿದ ಕೊಳವೇನೇ ಭಾವ ಊದಿದ್ರು."

ಅಕ್ಕ ತಿರುಗಿಯೂ ನೋಡಲಿಲ್ಲ. "ಬಿಡೋ. ಆ ಮಗು ಮುಖ ನೋಡಲಾರದೆ ಹೇಳ್ತಿದ್ದೀಯ. ನಿನಗೆಲ್ಲಿಯ ಜ್ವರ? ಹುಟ್ಟಿದಾಗಿಂದ ನೋಡಿದ್ದೀನಿ, ನನಗೆ ಒಂದು ಸೀನೂ ಬಂದಿಲ್ಲ ಅಂತ ಊರಿಗೆಲ್ಲ ಸಾರಿಕೊಂಡು ತಿರುಗಿದೋನು ನೀನೇ ತಾನೆ?"

"ನಿಜವಾಗ್ಲೂ ಅಕ್ಕ."

"ನಿನ್ನ ಒಳ್ಳೇ ಮನಸ್ಸು ಕಣೋ" ಎಂದಳು ಅಕ್ಕ.

ಆ ಮಾತು ಅವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಮಾಡಿ, ಕೈ ಒದ್ದೆಯಾಗಿದ್ದ ಅಕ್ಕನ ಕಿವಿಗೆ ತಾನೇ ಹಿಡಿದ. "ಆವತ್ತು ಬೆಳಿಗ್ಗೆ ನನ್ನ ಹಣೆ ಮುಟ್ಟಿ ಏನಂದೆ, ಅಕ್ಕನಿಗೆ ಹೇಳು" ಎಂದ.

ಹೆಂಡತಿ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಅಕ್ಕನ ಮುಖ ಮಾತ್ರ ಕಂಡಿತು. ಅವಳು ಕೈಯಲ್ಲಿದ್ದ ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟಳು. ನಲ್ಲಿ ಸುರಿಯುತ್ತಲೇ ಇತ್ತು.

"ಸೂಜಿ ಹಾಕಿಸ್ಕೋತೀನಿ ಅಂತ ಮನೇಲಿ ಹೇಳೇ ಹೋಗಿದ್ರು ಅವರು. ಸಂಜೆ ಬಂದು, ಎಲ್ಲರೂ ನಕ್ಕರು ಕಣೇ, ಬೇಡ ಅನ್ನಿಸ್ತು ಅಂದ್ರು. ನಕ್ಕಿದ್ದು ಯಾರು ಅಂತ ನಾನು ಕೇಳಲಿಲ್ಲ."

"ನಾನೇ ನಗಿಸಿದ್ದು."

ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ನಾನು ಆ ಮಗುಗೆ ಏನೇನೋ ಅಂದುಬಿಟ್ಟೆ. ಡಾಕ್ಟ್ರ ಮುಂದೆ ಅವಳ ಮೇಲೆ ಹೊರಿಸಿದಾಗ ನೀನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ. ಹೋಗು, ಅವಳಿಗೆ ನೀನೇ ಹೇಳು" ಎಂದಳು.

ಅಡುಗೆಮನೆಯಿಂದ ಮೆಟ್ಟಿಲಿಗೆ ಎಷ್ಟು ದೂರ? ಮೇಸ್ತ್ರಿ ಒಂದೊಂದೇ ಹೆಜ್ಜೆ ಇಟ್ಟ. ಹೋಗಿ, ಮಗುವಿನಿಂದ ಒಂದು ಮೆಟ್ಟಿಲು ಕೆಳಗೆ ಕೂತ. ಒಂದನ್ನೂ ಬಿಡದೆ ಎಲ್ಲ ಹೇಳಿದ.

ಗುಬ್ಬಿ ಕೇಳಿಸಿಕೊಂಡಳು. ದುಪಟ್ಟಾದ ಮೇಲಿನ ಕಣ್ಣು ಅವನನ್ನೇ ನೋಡುತ್ತಿತ್ತು.

"ಜ್ವರ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗೆ ಗೊತ್ತಿದ್ದಿದ್ರೆ ನಾನು ತಾತನ ಹತ್ತಿರ ಹೋಗ್ತಾನೇ ಇರಲಿಲ್ಲ" ಎಂದಳು ಮಗು.

ಅವಳು ಗಂಟು ಬಿಚ್ಚಲು ಹಿಂದಕ್ಕೆ ಕೈ ಹಾಕಿದಳು. ಬಿಗಿಯಾಗಿತ್ತು, ಬಿಚ್ಚಲಾಗಲಿಲ್ಲ. ಮೇಸ್ತ್ರಿ ಸಹಾಯಕ್ಕೆ ಕೈ ಎತ್ತಿದ. ಮಗು ತಟ್ಟನೆ ಸರಿದು, ಎದ್ದು, "ಅಜ್ಜೀ, ಇದನ್ನ ಬಿಚ್ಚು" ಎಂದು ಕೂಗುತ್ತಾ ಒಳಗೆ ಓಡಿತು.