ಹಸಿರಾಗಿಯೇ ಬಲಿತ ಜೋಳ

ಹೆರಿಗೆಯಲ್ಲಿ ತೀರಿಕೊಂಡ ಮಗಳು ಕೆಂಪಿಯ ಕೂಸನ್ನು ಬೆಳ್ಳನೂ ಅವನ ಹೆಂಡತಿ ಲಿಂಗಿಯೂ ನೀಲಗಿರಿ ಬೆಟ್ಟದ ಸೋಲೂರಿನ ತಮ್ಮ ಮನೆಯಲ್ಲಿ ಎಮ್ಮೆಯ ಹಾಲೆರೆದು ಉಳಿಸಿಕೊಂಡಿದ್ದರು. ಕಲ್ಲಟ್ಟಿಯ ಬೀಗತಿ ದೇವಮ್ಮ ಮಾತ್ರ ಕಡ್ಡಿ ಮುರಿದಂತೆ ಹೇಳಿಹೋಗಿದ್ದಳು: "ಹಾಲಿರೋವರೆಗೆ ನಿಮ್ಮಲ್ಲೇ ಇರಲಿ. ಎಮ್ಮೆ ಬತ್ತಿದ ದಿನ ಕೂಸು ನಮ್ಮ ಮನೆಗೆ ಬರಬೇಕು."

ಚಳಿಗಾಲದ ಹಿಮಕ್ಕೆ ಸೋಲೂರಿನ ಹುಲ್ಲೆಲ್ಲ ಸುಟ್ಟುಹೋಗುತ್ತದೆ. ಅದಕ್ಕೆಂದೇ ಮೂವತ್ತಾರನೆಯ ಇಸವಿಯಲ್ಲಿ ಬೆಳ್ಳ, ತಾನು ದುಡಿಯುತ್ತಿದ್ದ ಬಿಳಿ ದೊರೆಯ ಹಾಲಿನ ಕೊಟ್ಟಿಗೆಯಿಂದ ಬೆರಕೆ ತಳಿಯ ಮುಸುಕಿನ ಜೋಳದ ಬೀಜ ತಂದು ಬಿತ್ತಿದ. ಕಾಳಿಗೂ ಸೈ, ಮೇವಿಗೂ ಸೈ ಎಂಬ ತಳಿ. ಕೊಟ್ಟಿಗೆಯ ಮೇಸ್ತ್ರಿ ರಾಜೇಂದ್ರನ್ ಬಿಡಿಸಿ ಹೇಳಿದ್ದ: "ಕಾಳಿನ ಹಾಲು ಅರ್ಧ ಗಟ್ಟಿಯಾದ ಕೂಡಲೇ ದಂಟು ಸಮೇತ ಕೊಯ್ದು, ಕೊಚ್ಚಿ, ಗುಂಡಿಯಲ್ಲಿ ತುಳಿದು ಮಣ್ಣು ಮುಚ್ಚು. ಒಳಗೇ ಹುಳಿತು ಚಳಿಗಾಲವಿಡೀ ಎಮ್ಮೆಗೆ ಹಸಿಮೇವಾಗುತ್ತೆ. ಎಲೆ ನೋಡಬೇಡ ಬೆಳ್ಳಣ್ಣ, ಕಾಳು ನೋಡು. ಈ ಜಾತಿ ತೆನೆ ಬಲಿತರೂ ಹಸಿರಾಗೇ ನಿಂತಿರುತ್ತೆ."

ಜೋಳ ಆಳೆತ್ತರ ಮೀರಿತು. ದಂಟಿಗೆ ಎರಡೆರಡು ತೆನೆ. ಗಾಳಿಗೆ ಒಂದೂ ಒರಗಲಿಲ್ಲ. ಬೆಳ್ಳ ಎರಡು ಸಲ ಕುಡುಗೋಲು ಹಿಡಿದು ಹೊಲಕ್ಕಿಳಿದ. ಎರಡು ಸಲವೂ ಕೈ ಬರಲಿಲ್ಲ. ರಾಗಿ, ಸಾಮೆ, ಅವನು ಕಂಡ ಪೈರೆಲ್ಲ ಎಲೆ ಬಾಡಿದ ಮೇಲೆಯೇ ಕೊಯ್ಲಿಗೆ ಬಂದಿದ್ದವು.

"ಕೆಂಪಿ ಅಪ್ಪಾ, ಹೆಣ್ಣು ನೋಡೋಕೆ ಹೋದವನ ಹಂಗೆ ಎಷ್ಟು ದಿನ ಅದರ ಮುಖ ನೋಡ್ತೀ?" ಎಂದು ಲಿಂಗಿ ಹಂಗಿಸಿದಳು.

"ಇಷ್ಟು ಹಸಿರಿದೆ. ಕಡಿದು ಹೂಳೋದಾ? ಈ ವರ್ಷ ಎಳೆಯ ಮಗಳನ್ನ ಹೂತಿದ್ದು ಸಾಲದಾ, ಲಿಂಗೀ?"

ಲಿಂಗಿ ಕುಡುಗೋಲನ್ನು ಸೂರಿಗೆ ಸಿಕ್ಕಿಸಿದಳು.

ಮೂರು ವಾರ ಕಳೆದು ಹಿಮ ಬಿತ್ತು. ಬಿಸಿಲೇರುವಷ್ಟರಲ್ಲಿ ಹೊಲವಿಡೀ ಕಂದಿ, ಸರಸರ ಸದ್ದು ಮಾಡುತ್ತಿತ್ತು. ಬೆಳ್ಳ ತೆನೆ ಸುಲಿದು ಉಗುರೊತ್ತಿದ, ಕಾಳು ಕಲ್ಲಾಗಿತ್ತು. ಒಣದಂಟನ್ನೇ ಕೊಚ್ಚಿ ಗುಂಡಿಗೆ ತುಂಬಿದ. ರಸವಿಲ್ಲದ ಮೇವು ಒತ್ತಿ ಕೂರದೆ ಬೂಷ್ಟು ಹಿಡಿಯಿತು. ಎಮ್ಮೆ ಮೂಸಿ ಮುಖ ತಿರುಗಿಸಿತು. ಕಾಳು ನೆನೆಸಿಟ್ಟರೂ ಹಾಲು ದಿನದಿನಕ್ಕೆ ಇಳಿದು, ಕಡೆಗೆ ನಿಂತೇಹೋಯಿತು.

ದೇವಮ್ಮ ಬಂದಾಗ ಅಟ್ಟದ ತುಂಬ ತೆನೆಗಳಿದ್ದವು. "ಇಂಥ ಜೋಳ ನಮ್ಮ ಕಡೆ ಯಾರೂ ಬೆಳೆದಿಲ್ಲ, ಬೀಗರೇ" ಎಂದು ಆಕೆ ಮನಸಾರೆ ಮೆಚ್ಚಿದಳು.

ಕಲ್ಲಟ್ಟಿಗೆ ಇಳಿಯುವ ಘಾಟಿಯ ಮೊದಲ ತಿರುವಿನವರೆಗೆ ಬೆಳ್ಳನೇ ಕೂಸನ್ನು ಎತ್ತಿಕೊಂಡು ನಡೆದ. ಅಲ್ಲಿ ದೇವಮ್ಮ ಕೈ ಚಾಚಿದಳು.

"ಇನ್ನೊಂದು ತಿರುವು ಬರ್ತೀನಿ" ಎಂದ.

ಮುಂದಿನ ತಿರುವಿನಲ್ಲೂ ಅದನ್ನೇ ಅಂದ. ಮೂರನೆಯದರಲ್ಲಿ ಆಕೆ ಕೇಳಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೂಸನ್ನು ತೆಗೆದುಕೊಂಡಳು.