ಆರುನೂರ ಹನ್ನೆರಡನೆಯ ಸಾಲು

“ತಲೆ ಕಡೆ ಇನ್ನೊಂಚೂರು ಎತ್ತಿ ಸಾರ್, ಬಾಗಿಲು ತಗಲುತ್ತೆ,” ಎಂದ ಪಕ್ಕದ ಮನೆಯವನು.

ಸತ್ತವನ ಹಳೆಯ ಆಫೀಸಿನ ಮುಖ್ಯಸ್ಥರು ಎತ್ತಿದರು. ಇಪ್ಪತ್ತೆರಡು ವರ್ಷ ತಮ್ಮ ಕೈಕೆಳಗೆ ದುಡಿದವನು ಇಷ್ಟು ಹಗುರವೆಂದು ಅವರಿಗೆ ಗೊತ್ತಿರಲಿಲ್ಲ. ಹೆಣ ವ್ಯಾನು ಸೇರಿತು, ಬಾಗಿಲು ಮುಚ್ಚಿತು.

“ಗ್ಯಾಸ್ ಆರಿಸಿ ನಾಲ್ಕು ಸಲ ನೋಡೋರು, ಬೀಗ ಹಾಕಿ ಹತ್ತು ಸಲ ಎಳೆಯೋರು. ನಾವು ಸುಮ್ನೆ ರೇಗಿಸ್ತಿದ್ವಿ,” ಎಂದ ಪಕ್ಕದ ಮನೆಯವನು.

“ಮೊದ್ಲು ಹಾಗಿರಲಿಲ್ಲ,” ಎಂದಳು ಸತ್ತವನ ಮಗಳು. “ಆಫೀಸಲ್ಲಿ ಅದಾದ್ಮೇಲೆ ಶುರುವಾಗಿದ್ದು. ಅಂಕಲ್, ನಿಮಗೆ ಗೊತ್ತಲ್ಲ?”

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

*

ಆಸ್ಪತ್ರೆಯ ಸ್ಕ್ಯಾನರಿಗೂ ಕಂಪ್ಯೂಟರಿಗೂ ಮಾತುಕತೆ ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಅವನ ಕೂಸು. ಚಿತ್ರ ಇಡಲು ಅದು ಮೆಮೊರಿಯಲ್ಲಿ ಜಾಗ ಕೇಳಿ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಒಮ್ಮೆ, ಒಮ್ಮೆ ಮಾತ್ರ, ಬಿಟ್ಟುಕೊಡಬೇಕು. ಎರಡನೆಯ ಸಲ ಬಿಟ್ಟುಕೊಡುವ ಹೊತ್ತಿಗೆ ಆ ಜಾಗ ಇನ್ಯಾರದೋ ಪಾಲಾಗಿರಬಹುದು. ಆಗ ಇಡೀ ಯಂತ್ರ ಮುಗ್ಗರಿಸುತ್ತದೆ.

ಒಂದು ಶುಕ್ರವಾರ ಅವನು ಊಟಕ್ಕೆ ಎದ್ದುಹೋಗಿದ್ದಾಗ, ಸಂಜೆಯೊಳಗೆ ಪ್ರೋಗ್ರಾಮನ್ನು ಆಸ್ಪತ್ರೆಗಳಿಗೆ ಕಳಿಸಬೇಕೆಂಬ ತರಾತುರಿಯಲ್ಲಿ, ಮುಖ್ಯಸ್ಥರು ಅವನದೇ ಕುರ್ಚಿಯಲ್ಲಿ ಕೂತು ಒಂದು ಸಾಲು ಸೇರಿಸಿದರು. ಜಾಗ ಬಿಟ್ಟುಕೊಡುವ ಸಾಲು. ಕೆಳಗೆ ಅದೇ ಕೆಲಸ ಆಗಲೇ ಇದ್ದುದನ್ನು ನೋಡಲಿಲ್ಲ. ಅವನ ಕಂಪ್ಯೂಟರ್ ಆದ್ದರಿಂದ ದಾಖಲೆಯಲ್ಲಿ ಅವನ ಹೆಸರೇ ಬಿತ್ತು.

ಸೋಮವಾರ ಸ್ಕ್ಯಾನರುಗಳು ನಿಂತವು. ಸಭೆಯಲ್ಲಿ ಆ ಸಾಲು, ಆರುನೂರ ಹನ್ನೆರಡನೆಯದು, ಪರದೆಯ ಮೇಲೆ ಮೂಡಿತು.

“ನಾನು ಬರೆದ ನೆನಪಿಲ್ಲ ಸಾರ್.”

“ಹೆಸರು ನಿಮ್ದೇ ಇದೆಯಲ್ರೀ,” ಎಂದರು ಮುಖ್ಯಸ್ಥರು. ಹೌದು, ಆ ಮಾತು ಅವರ ಬಾಯಿಂದಲೇ ಬಂತು.

ಅವನು ಹನ್ನೊಂದು ದಿನ ಪಟ್ಟುಹಿಡಿದು ಕೂತು ಇಡೀ ಪ್ರೋಗ್ರಾಮನ್ನು ಜಾಲಾಡಿ ಅದನ್ನು ಸರಿಪಡಿಸಿದ. ಅಂಥವೇ ಇನ್ನೈದು ತಪ್ಪು ಹುಡುಕಿ ಅವನ್ನೂ ತಿದ್ದಿದ. ಆಮೇಲೆ ಅವನಿಗೆ ಕೋಡ್ ಮುಟ್ಟಲು ಬಿಡಲಿಲ್ಲ. ನಿವೃತ್ತಿಯವರೆಗೂ ಕೇಬಲ್ ಚುಚ್ಚಿ, ಕಿತ್ತು, ಪರೀಕ್ಷೆ ಮಾಡುವ ಕೆಲಸ.

*

“ಹೋದ ವಾರಾನೂ ಕೇಳಿದ್ರು,” ಎಂದಳು ಮಗಳು. “‘ಆ ಸಾಲು ಯಾವಾಗ ಬರೆದ್ನೇ ನಾನು? ನನ್ನ ತಲೆ ಕೆಟ್ಟಿತ್ತಾ?’ ಅಂತ.”

ಅವನಿಗೆ ಎಲ್ಲ ಗೊತ್ತು, ಗೊತ್ತಿದ್ದೂ ನನ್ನ ಮಾನ ಉಳಿಸಿದ ಎಂದು ಮುಖ್ಯಸ್ಥರು ಇಷ್ಟು ವರ್ಷ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಅವನಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ, ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸುಮ್ಮನಿದ್ದರೆ ಇದೂ ವ್ಯಾನಿನ ಜೊತೆ ಹೋಗಿಬಿಡುತ್ತದೆ ಎಂದೂ ಎನ್ನಿಸಿತು. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

“ಅದು ನಾನಮ್ಮ,” ಎಂದರು. “ನಿಮ್ಮಪ್ಪ ಊಟಕ್ಕೆ ಹೋಗಿದ್ರು. ಬರೆದಿದ್ದು ನಾನು.”

ಮಗಳು ಬೈಯಲಿಲ್ಲ. ವ್ಯಾನಿನವನಿಗೆ ತಾಳುವಂತೆ ಕೈಮಾಡಿ, ಹಿಂಬಾಗಿಲು ಎಳೆದು ತೆಗೆದು ಒಳಗೆ ಹತ್ತಿದಳು. ಅಪ್ಪನ ಕಿವಿಯ ಹತ್ತಿರ ಬಗ್ಗಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: “ಅಪ್ಪಾ, ನೀನಲ್ವಂತೆ. ಆ ಸಾಲು ನೀನು ಬರೆದಿದ್ದಲ್ವಂತೆ.”

ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅವಳು ಇನ್ನೊಮ್ಮೆ, ಮತ್ತೊಮ್ಮೆ ಹೇಳಿ ಮುಗಿಸುವವರೆಗೂ, ಬೀದಿಯವರೆಲ್ಲ ನೋಡುತ್ತಿರಲು, ಮುಖ್ಯಸ್ಥರು ಅದನ್ನು ಹಿಡಿದುಕೊಂಡು ನಿಂತರು.