ಭಾನು ಬಾಯಿಹುಣ್ಣು ಬರೀ ಉಷ್ಣ ಅಲ್ಲ

ಬಾಯಲ್ಲಿ ಹುಣ್ಣೆದ್ದರೆ ನಮ್ಮ ತೆರಕಣಾಂಬಿ ಕಡೆ ಡಾಕ್ಟರ ಹತ್ರ ಯಾರು ಹೋಗ್ತಾರೆ ಹೇಳಿ? ಉಷ್ಣ ಅಂತೀವಿ, ಬೆಣ್ಣೆ ಸವರ್ತೀವಿ, ಮಲಗ್ತೀವಿ. ನಾನು, ಈ ಪುಟ್ಟಬಸಮ್ಮ, ಹಂಗೇ ಮಕ್ಕಳ್ನ ಸಾಕಿದೋಳು. ಆದ್ರೆ ಪಕ್ಕದ ಮನೆ ಕೂಸು ಭಾನು ವಿಷಯ ಬೇರೆ.

ಭಾನುಗೆ ರಕ್ತದ ಕ್ಯಾನ್ಸರ್ ಆಗಿತ್ತು. ವೆಲ್ಲೂರಿನ ದೊಡ್ಡಾಸ್ಪತ್ರೇಲಿ ಅವಳಣ್ಣ ಸೋಮೇಶನ ಮೂಳೆಯೊಳಗಿನ ಮಜ್ಜೆ ತೆಗೆದು ಅವಳಿಗೆ ಕೊಟ್ಟಿದ್ರು. ತಲೆಗೆ ಬಟ್ಟೆ ಕಟ್ಕೊಂಡು ಆ ಕೂಸು ಊರಿಗೆ ಬಂದಾಗ ಅಜ್ಜಿ ಮಲ್ಲಾಜಮ್ಮ ಅತ್ತಿದ್ದು ನೋಡಿ ನಾನೂ ಅತ್ತೆ.

ಒಂದಿನ ಭಾನು ತಟ್ಟೆ ದೂಡಿಬುಟ್ಳು. ನಾಲಗೆ ಮೇಲೆ, ಕೆನ್ನೆ ಒಳಗೆ ಹುಣ್ಣು. ಉಗುಳು ನುಂಗಕ್ಕೂ ಕಣ್ಣೀರು. ಅಜ್ಜಿ ಸುಮ್ನಿರ್ತಾಳಾ? ಆಗತಾನೆ ಕಡೆದ ಹಸಿ ಬೆಣ್ಣೆ ಬೆರಳಿಗೆ ತಕ್ಕಂಡು ಬಂದ್ಲು. ಭಾನು ತಾಯಿ ಶಿವಲಕ್ಷ್ಮಿ ಆ ಕೈ ಹಿಡ್ಕೊಂಡ್ಲು.

“ಬೇಡಿ ಅತ್ತೆ.”

“ಯಾಕವ್ವ? ನಿನ್ನ ಗಂಡನಿಗೂ ಇದೇ ಬೆರಳಲ್ಲೇ ಸವರಿದ್ದು ಕಣ. ಇವತ್ತು ನನ್ನ ಕೈ ಮೈಲಿಗೆ ಆಯ್ತಾ?”

ಶಿವಲಕ್ಷ್ಮಿ ಕಣ್ಣು ತುಂಬ್ತು. ಆದ್ರೂ ಕೈ ಬಿಡಲಿಲ್ಲ, ಗಟ್ಟಿಗಿತ್ತಿ.

“ಹಂಗಲ್ಲ ಅತ್ತೆ. ಹೊಸದಾಗಿ ನೆಟ್ಟ ಟೊಮೇಟೊ ಸಸಿ ಬೇರು ಹಿಡಿಯೋ ಗಂಟ ಹೊಲಕ್ಕೆ ದನ ಬುಡ್ತೀರಾ? ಸೋಮೇಶನ ಮಜ್ಜೆನೂ ಇವಳಲ್ಲಿ ಈಗಿನ್ನೂ ಬೇರು ಬುಡ್ತಾ ಅದೆ. ರೋಗ ತಡೆಯೋ ಶಕ್ತಿ ಬಂದಿಲ್ಲ. ಬಾಯಿಹುಣ್ಣು ಅಂದ್ರೆ ತೆರೆದ ಗಾಯ. ಹಸಿ ಬೆಣ್ಣೇಲಿ, ಬೆರಳಲ್ಲಿ ಇರೋ ಕ್ರಿಮಿ ನಮ್ಮನ್ನೇನೂ ಮಾಡಲ್ಲ, ಇವಳಿಗೆ ನೇರ ರಕ್ತಕ್ಕೇ ಇಳೀತದೆ.”

“ಹಂಗಂತ ಕೂಸ್ನ ಉಪವಾಸ ಕೆಡವೀಯಾ?”

“ಕುದಿಸಿ ಆರಿಸಿದ ನೀರಿಗೆ ಒಂಚೂರು ಉಪ್ಪು ಹಾಕಿ ಆಗಾಗ ಬಾಯಿ ಮುಕ್ಕಳಿಸಬೇಕು. ಹಲ್ಲುಜ್ಜಕ್ಕೆ ಇಜ್ಜಲು, ಬೇವಿನಕಡ್ಡಿ ಬೇಡ, ಮೆತ್ತನೆ ಬ್ರಶ್ಶೇ ಆಗ್ಬೇಕು. ಖಾರ ಹಾಕದೆ ಚೆನ್ನಾಗಿ ಬೇಯಿಸಿದ ಗಂಜಿ ಆರಿಸಿ ಕೊಡನ. ಹುಣ್ಣಿನ ವಿಷಯ ಈಗಲೇ ಡಾಕ್ಟರಿಗೆ ಹೇಳ್ಬೇಕು, ಎಸ್‌ಟಿಡಿ ಬೂತಿಗೆ ಓಗ್ತೀನಿ.”

ಹೊರಡೋ ಮುಂಚೆ ಮಗಳ ಹಣೆ ಮುಟ್ಟಿದ್ಲು. ಸುಡ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದ್ರೆ ನೂರಾ ಒಂದು.

“ದೃಷ್ಟಿ ಆಗ್ಯದೆ ಕಣವ್ವ,” ಅಂದ್ಲು ಅಜ್ಜಿ. “ಮೆಣಸಿನಕಾಯಿ ನಿವಾಳಿಸ್ತೀನಿ. ಒಂದು ಜ್ವರದ ಮಾತ್ರೆ ಕೊಡು, ನಾಳೆ ಆಸ್ಪತ್ರೆಗೆ ಓಗನ.”

“ಮಾತ್ರೆ ಕೊಟ್ರೆ ಮೈ ತಣ್ಣಗಾಯ್ತದೆ, ಒಳಗಿನ ಕ್ರಿಮಿ ಸಾಯಲ್ಲ. ವೆಲ್ಲೂರಲ್ಲಿ ನಮ್ಮ ಪಕ್ಕದ ಹಾಸಿಗೇಲಿ ಇದ್ದ ಹುಡುಗಿ ವಿಷಯ ಹೇಳಿದ್ನಲ್ಲ ಅತ್ತೆ? ಮನೆಗೆ ಹೋದ್ಮೇಲೆ ಜ್ವರ ಬಂತಂತೆ. ಅವಳ ತಾಯಿನೂ ನಾಳೆ ನೋಡನ ಅಂದ್ಲಂತೆ. ಆ ಹುಡುಗಿ ಈಗಿಲ್ಲ.”

ಮಲ್ಲಾಜಮ್ಮ ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬಂದು ಮೊಮ್ಮಗಳ ಕಾಲಿಗೆ ಚಪ್ಪಲಿ ಹಾಕಿದ್ಲು. “ನಿವಾಳಿಸೋದು ಬಂದ್ಮೇಲಾಗ್ಲಿ. ನಡಿ.”

ನಮ್ಮೆಜಮಾನ್ರು ಶಂಭುಲಿಂಗಪ್ಪ ಜೀಪು ತಂದ್ರು. ಮೈಸೂರಿನ ಆಸ್ಪತ್ರೇಲಿ ಹೋದ ತಕ್ಷಣ ಸೂಜಿಮದ್ದು ಶುರು ಮಾಡಿದ್ರು, ವೆಲ್ಲೂರಿಗೂ ಫೋನಲ್ಲಿ ಮಾತಾಡಿದ್ರು. ಸೋಂಕು ರಕ್ತಕ್ಕೆ ಆಗಲೇ ಇಳಿದಿತ್ತಂತೆ. ತಡ ಮಾಡಿದ್ರೆ ಕೂಸು ಕೈಗೆ ಸಿಗ್ತಿರಲಿಲ್ಲ ಅಂದ್ರು ಡಾಕ್ಟರು.

ಭಾನು ವಾಪಸ್ ಬಂದ ದಿನ ನೋಡಕ್ಕೆ ಹೋದ್ರೆ ಮಲ್ಲಾಜಮ್ಮ ನನ್ನ ಬಾಗಿಲಲ್ಲೇ ತಡೆದ್ಲು. “ನಿಂಗೆ ನೆಗಡಿ ಅದೆ ಪುಟ್ಟಬಸಮ್ಮ. ಜಗಲಿ ಮೇಲೆ ಕೂತ್ಕೊ, ಕೂಸು ಕಿಟಕೀಲಿ ಮಾತಾಡ್ತಾಳೆ.” ನಂಗೆ ಬೇಜಾರಾಗಲಿಲ್ಲ. ಒಳಗಿಂದ “ಅಜ್ಜಿ, ಹೊಟ್ಟೆ ಹಸೀತದೆ” ಅಂತ ಭಾನು ಕೂಗಿದ್ದು ಕೇಳಿ ಕೂತಲ್ಲೇ ಕಣ್ಣೊರಿಸ್ಕೊಂಡೆ.

ಅವ್ವಂದಿರೇ, ಅಪ್ಪಂದಿರೇ, ಮಜ್ಜೆ ಹಾಕಿಸ್ಕೊಂಡೋರು ನಿಮ್ಮನೇಲಿದ್ರೆ ದಿನಾ ಅವರ ಬಾಯಿ ತೆರೆಸಿ ನೋಡಿ. ಡಾಕ್ಟರು ಹೇಳದ ಮದ್ದು ಬಾಯಿಗೆ ಹಚ್ಚಬೇಡಿ. ಕೈ ತೊಳೆಯದೆ ಹತ್ರ ಹೋಗಬೇಡಿ. ಜ್ವರ ಬಂತಾ, ನಾಳೆ ಅನ್ನಬೇಡಿ, ಎದ್ದು ಹೊರಡಿ.